ಭಸ್ಮಕದ ಹಸಿವು

ಹಬ್ಬದ ಪಂಕ್ತಿಯಲ್ಲಿ ಎಲ್ಲರಿಗಿಂತ ಹೆಚ್ಚು ಉಣ್ಣುವವನನ್ನು ಬಕಾಸುರನೆಂದು ನಾವು ಕೀಟಲೆ ಮಾಡುವುದುಂಟು. ಆದರೆ ಹೊಟ್ಟೆ ತುಂಬಿದ ಮೇಲೂ ಕೈ ತಡೆಯಲಾರದೆ, ಯಾರೂ ಇಲ್ಲದ ಹೊತ್ತಿನಲ್ಲಿ ತಿಂಡಿಯ ಡಬ್ಬಿಗಳನ್ನು ಬರಿದು ಮಾಡಿ, ಆಮೇಲೆ ನಾಚಿಕೆಯಿಂದ ಕುಗ್ಗುವವರೂ ಇದ್ದಾರೆ. ಅವರದು ಹೊಟ್ಟೆಬಾಕತನವೋ, ರೋಗವೋ? ಅಳತೆ ಮೀರಿದ ಹಸಿವನ್ನು ರೋಗವೆಂದೇ ಎಣಿಸಿದ ಹಳೆಯ ನಿದರ್ಶನವೊಂದು ನಮ್ಮ ನಾಡಿನಲ್ಲಿದೆ.

ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲಿರುವ 1129ರ ಮಲ್ಲಿಷೇಣ ಪ್ರಶಸ್ತಿಯು, ಜೈನಾಚಾರ್ಯ ಸಮಂತಭದ್ರರನ್ನು ಭಸ್ಮಕವನ್ನೇ ಭಸ್ಮ ಮಾಡಿದವರೆಂದು ಕೊಂಡಾಡುತ್ತದೆ. ಭಸ್ಮಕವೆಂದರೆ ಉಂಡದ್ದೆಲ್ಲ ಉರಿದುಹೋಗಿ ಹಸಿವು ಹಿಂಗದ ರೋಗ. ಇದರ ವಿವರ ದೇವಚಂದ್ರನ ‘ರಾಜಾವಳೀ ಕಥೆ’ಯಲ್ಲಿ ಬರುತ್ತದೆ. ಮಣುವಕಹಳ್ಳಿಯಲ್ಲಿ ತಪಸ್ಸಿಗಿದ್ದಾಗ ರೋಗ ತಗುಲಿತು. ಮಿತಾಹಾರದ ವ್ರತ ಹೊತ್ತ ಮುನಿ. ಬೇರೆ ದಾರಿ ಕಾಣದೆ ಸಲ್ಲೇಖನಕ್ಕೆ ಗುರುವಿನ ಅಪ್ಪಣೆ ಬೇಡಿದರು. ಗುರು ಒಪ್ಪಲಿಲ್ಲ. ಸದ್ಯಕ್ಕೆ ಮುನಿವೇಷ ಬಿಟ್ಟು, ಹೊಟ್ಟೆತುಂಬ ಉಂಡು, ಗುಣವಾದ ಮೇಲೆ ಮರಳಿ ದೀಕ್ಷೆ ಪಡೆಯಬೇಕೆಂದರು. ಸಮಂತಭದ್ರರು ಕಂಚಿಯ ಶಿವಾಲಯ ಸೇರಿ, ನೈವೇದ್ಯದ ರಾಶಿಯನ್ನು ಬಾಗಿಲು ಮುಚ್ಚಿಕೊಂಡು ಉಣ್ಣುತ್ತ ಬಂದರಂತೆ. ರೋಗ ಇಳಿದಂತೆ ಅನ್ನ ಮಿಗತೊಡಗಿತು, ಗುಟ್ಟೂ ರಟ್ಟಾಯಿತು! ಮುಂದಿನ ಪವಾಡವನ್ನು ನಂಬುವುದು ಬಿಡುವುದು ಅವರವರಿಗೆ ಸೇರಿದ್ದು. ನಮಗೆ ದೊಡ್ಡದಾಗಿ ಕಾಣುವುದು ಗುರುವಿನ ವಿವೇಕ. ಅವರು ಶಿಷ್ಯನನ್ನು ಹಳಿಯಲಿಲ್ಲ, ಉಪವಾಸವನ್ನೂ ಹೇರಲಿಲ್ಲ.

ಭಸ್ಮಕವೂ ಇಂದಿನ ವೈದ್ಯರು ಹೇಳುವ ಅತಿಭೋಜನದ ರೋಗವೂ ಒಂದೇ ಎನ್ನಲಾಗದು. ಆದರೂ ಉಪವಾಸದ ವಿಚಾರದಲ್ಲಿ ವಿಜ್ಞಾನ ಆ ಗುರುವಿನ ಹತ್ತಿರಕ್ಕೇ ಬಂದಿದೆ. 1944-45ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ, ತಾವಾಗಿ ಮುಂದೆ ಬಂದ 36 ಯುವಕರನ್ನು ಆರು ತಿಂಗಳು ಅರೆಹೊಟ್ಟೆಯಲ್ಲಿಟ್ಟು ನೋಡಿದರು. ಅವರ ತೂಕ ಸುಮಾರು ಕಾಲುಭಾಗ ಇಳಿಯಿತು. ಮತ್ತೆ ಊಟ ಸಿಕ್ಕಾಗ ಕೆಲವರಿಗೆ ಎಷ್ಟು ತಿಂದರೂ ತೃಪ್ತಿಯಿಲ್ಲ!

1959ರಲ್ಲಿ ಮನೋವೈದ್ಯ ಆಲ್ಬರ್ಟ್ ಸ್ಟಂಕರ್ಡ್ ಈ ತಿನ್ನುವ ಆವೇಗವನ್ನು ವೈದ್ಯಪತ್ರಿಕೆಯಲ್ಲಿ ವರ್ಣಿಸಿದರು. ಮರುವರ್ಷವೇ ಲಾಸ್ ಏಂಜಲೀಸಿನಲ್ಲಿ, ಕುಡಿತ ಬಿಟ್ಟವರ ಸಂಘದ ಮಾದರಿಯಲ್ಲಿ, ‘ಓವರ್‌ಈಟರ್ಸ್ ಅನಾನಿಮಸ್’ ಹುಟ್ಟಿತು. ಗುಟ್ಟಾಗಿ ತಿನ್ನುತ್ತಿದ್ದವರು ಸಮಾನದುಃಖಿಗಳೆದುರು ಬಾಯಿಬಿಟ್ಟು ಹೇಳಿಕೊಳ್ಳತೊಡಗಿದರು. ಅಮೆರಿಕದ ಮನೋವೈದ್ಯರ ಅಧಿಕೃತ ಪಟ್ಟಿಯಲ್ಲಿ ಇದು ಸ್ವತಂತ್ರ ರೋಗವಾಗಿ ಸೇರಿದ್ದು ಮಾತ್ರ 2013ರಲ್ಲಿ.

ಇಂದಿನ ಮುಖ್ಯ ಚಿಕಿತ್ಸೆ ನಮ್ಮ ಅಜ್ಜಿಯಂದಿರಿಗೂ ಹಿಡಿಸುವಂಥದು. ಹೊತ್ತುಹೊತ್ತಿಗೆ ಮೂರು ಊಟ, ನಡುವೆ ತುಸು ಉಪಾಹಾರ. ನಿನ್ನೆ ಹೆಚ್ಚಾಯಿತೆಂದು ಇಂದು ಏಕಾದಶಿ ಮಾಡುವಂತಿಲ್ಲ. ತಿಂದದ್ದನ್ನೂ ಆಗಿನ ಮನಃಸ್ಥಿತಿಯನ್ನೂ ಬರೆದಿಡಬೇಕು, ಅದನ್ನು ಚಿಕಿತ್ಸಕರೊಡನೆ ಕೂತು ಓದಬೇಕು. ಚಿಕಿತ್ಸೆ ಪಡೆದವರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಆ ಆವೇಗ ನಿಲ್ಲುತ್ತದೆ, ಇನ್ನೂ ಹಲವರಿಗೆ ಅದರ ಕಾಟ ತಗ್ಗುತ್ತದೆ. ತೂಕ ಮಾತ್ರ ಅಷ್ಟಾಗಿ ಇಳಿಯುವುದಿಲ್ಲ.