ಜನರಲ್ ಆಸ್ಪತ್ರೆಯಲ್ಲಿ ಮಾನಸಿಕ ವಾರ್ಡ್: ದಾಖಲು ಮಾಡೋ ಮುಂಚೆ ಏನೇನು ನೋಡಬೇಕು?

ಕೆಂಗಲ್: ನಮ್ಮ ಕಡೆ ಮನೆಯಲ್ಲಿ ಯಾರಿಗಾದ್ರೂ ಮನಸ್ಸು ಕೆಟ್ಟರೆ ಮೊದಲು ದೇವಸ್ಥಾನ, ಅದು ಬಿಟ್ಟರೆ ಸೀದಾ ಬೆಂಗಳೂರಿನ ನಿಮ್ಹಾನ್ಸ್. ನಡುವೆ ಜಿಲ್ಲಾ ಆಸ್ಪತ್ರೆ ಇದೆ ಅನ್ನೋದು ನೆನಪಾಗೋದು ಕಮ್ಮಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಪ್ರಕಾರ ಜಿಲ್ಲಾ ಆಸ್ಪತ್ರೆಯಲ್ಲಿ ಮಾನಸಿಕ ರೋಗಿಗಳಿಗೆ 10 ಹಾಸಿಗೆ ಇರಬೇಕು. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿದ ಮಾದರಿಯೇ 1996ರಲ್ಲಿ ಈ ಕೇಂದ್ರ ಕಾರ್ಯಕ್ರಮವಾಯಿತು.

ಜನರಲ್ ಆಸ್ಪತ್ರೆಯ ದೊಡ್ಡ ಅನುಕೂಲ ಅಂದ್ರೆ ದೇಹಕ್ಕೂ ಅಲ್ಲೇ ಚಿಕಿತ್ಸೆ. ವರ್ಷಗಟ್ಟಲೆ ಕುಡಿದವರು ದಿಢೀರ್ ಬಿಟ್ಟರೆ ಎರಡು ಮೂರು ದಿನದಲ್ಲಿ ಕೈ ನಡುಗುತ್ತೆ, ಇಲ್ಲದ್ದು ಕಾಣುತ್ತೆ, ಫಿಟ್ಸ್ ಬರಬಹುದು. ಮನೆಯವರು ಗಾಳಿ ಸೋಕಿದೆ ಅಂತಾರೆ. ನಿಜಕ್ಕೂ ಅದು ಜೀವಕ್ಕೇ ಅಪಾಯದ ಸ್ಥಿತಿ. ವಿಷ ಕುಡಿದು ಬದುಕಿದವರನ್ನೂ ಮನೆಗೆ ಕಳಿಸೋ ಮುಂಚೆ ಮನೋವೈದ್ಯರು ಅಲ್ಲೇ ನೋಡಬಹುದು.

ವಾರ್ಡ್ ಸುರಕ್ಷಿತವಾಗಿರೋದು ಬೀಗದಿಂದಲ್ಲ. ನೆಲಮಹಡಿಯಾದರೆ ಒಳ್ಳೆಯದು. ಬಚ್ಚಲ ಚಿಲಕ ಹೊರಗಿನಿಂದಲೂ ತೆಗೆಯೋ ಹಾಗಿರಬೇಕು. ಭಾರ ತಡೆಯೋ ಕೊಕ್ಕೆ, ಪೈಪು ಕೈಗೆ ಸಿಗಬಾರದು, ನರ್ಸ್ ಕೂರುವ ಜಾಗದಿಂದ ಹಾಸಿಗೆಗಳೆಲ್ಲ ಕಾಣಬೇಕು. ಇಷ್ಟೆಲ್ಲ ಇದ್ದೂ ರಾತ್ರಿ ಪಾಳಿಗೆ ಒಬ್ಬರೇ ನರ್ಸ್, ಅವರಿಗೇ ಪಕ್ಕದ ವಾರ್ಡ್ ಕೂಡ ಅಂದ್ರೆ ಪ್ರಯೋಜನವಿಲ್ಲ. ಹಾಸಿಗೆ ಎಷ್ಟು ಅಂತ ಎಲ್ಲರೂ ಕೇಳ್ತಾರೆ. ರಾತ್ರಿ ಎಷ್ಟು ಜನ ಡ್ಯೂಟಿಯಲ್ಲಿರ್ತಾರೆ ಅಂತ ಕೇಳಿ.

2018ರ ಮೇ 29ರಿಂದ ಜಾರಿಯಲ್ಲಿರೋ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿ ಹಾಕೋದನ್ನ ಪೂರ್ತಿ ನಿಷೇಧಿಸಿದೆ. ಒಂಟಿ ಕೋಣೆಗೆ ಕೂಡಿಹಾಕೋ ಹಾಗೂ ಇಲ್ಲ. 2001ರ ಆಗಸ್ಟ್‌ನಲ್ಲಿ ತಮಿಳುನಾಡಿನ ಎರವಾಡಿಯಲ್ಲಿ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ 25ಕ್ಕೂ ಹೆಚ್ಚು ಜನ ಓಡಲಾಗದೆ ಸತ್ತದ್ದು ಹಿರಿಯರಿಗೆ ನೆನಪಿರಬಹುದು. ತಕ್ಷಣದ ಅಪಾಯ ತಪ್ಪಿಸೋಕೆ ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ ಮನೋವೈದ್ಯರ ಅನುಮತಿ ಮೇಲೆ ಸ್ವಲ್ಪ ಹೊತ್ತು ಕಟ್ಟಬಹುದು. ಕಾರಣ, ಸಮಯ ಬರೆದಿಡಬೇಕು, ರೋಗಿಯ ನಾಮನಿರ್ದೇಶಿತ ಪ್ರತಿನಿಧಿಗೆ 24 ಗಂಟೆಯೊಳಗೆ ತಿಳಿಸಬೇಕು. ಅರಿವಳಿಕೆ ಕೊಡದೆ ಕರೆಂಟ್ ಚಿಕಿತ್ಸೆ ಕೂಡ ಅಪರಾಧವೇ. ಮಕ್ಕಳನ್ನ ದೊಡ್ಡವರ ಜೊತೆ ಮಲಗಿಸಬಾರದು.

ರೋಗಿ ತಾನಾಗೇ ಒಪ್ಪಿ ದಾಖಲಾಗಬಹುದು. ನಿರ್ಧರಿಸೋ ಸ್ಥಿತಿಯಲ್ಲಿಲ್ಲದಿದ್ದರೆ ಪ್ರತಿನಿಧಿ ಅರ್ಜಿ ಕೊಡಬೇಕು, ಇಬ್ಬರು ತಜ್ಞರು ಬೇರೆ ಬೇರೆಯಾಗಿ ಪರೀಕ್ಷಿಸಬೇಕು. ಆ ದಾಖಲಾತಿ ಮೊದಲಿಗೆ ಗರಿಷ್ಠ 30 ದಿನ. ‘ಒಳಗೆ ಹಾಕಿಬಿಡಿ ಸಾರ್’ ಅಂತ ಮನೆಯವರು ಹೇಳಿದ ಮಾತ್ರಕ್ಕೆ ಆಗಲ್ಲ.

ಡಿಸ್ಚಾರ್ಜ್ ಆದ ಮೊದಲ ವಾರಗಳೇ ಹೆಚ್ಚು ಅಪಾಯದವು. ಒಂದು ವಾರದೊಳಗೆ ಮತ್ತೆ ತೋರಿಸೋ ದಿನಾಂಕ ಚೀಟಿಯಲ್ಲಿ ಬರೆಸಿಕೊಳ್ಳಿ, ಮಾತ್ರೆ ಮನೆಯವರ ಕೈಲಿರಲಿ. ಮಧ್ಯೆ ಏನಾದ್ರೂ ಅನುಮಾನ ಬಂದರೆ ಸರ್ಕಾರದ ಟೆಲಿ ಮನಸ್‌ಗೆ, ಅಂದ್ರೆ 14416ಕ್ಕೆ, ಹಗಲು ರಾತ್ರಿ ಯಾವಾಗ ಬೇಕಾದ್ರೂ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ.