ಮೋಟಾರ್ ಗ್ಲೈಡರ್: ಬೆಂಕಿಯ ಭಯ ಒಂದೆಡೆ, ಎಂಜಿನ್ ಮೇಲಿನ ಅತಿನಂಬಿಕೆ ಇನ್ನೊಂದೆಡೆ

2020ರ ಅಕ್ಟೋಬರ್ 4, ಭಾನುವಾರ ಬೆಳಿಗ್ಗೆ ಸುಮಾರು ಏಳು ಗಂಟೆ. ಕೊಚ್ಚಿಯ ಐಎನ್‌ಎಸ್ ಗರುಡ ನೌಕಾ ವಾಯುನೆಲೆಯಿಂದ ತರಬೇತಿ ಹಾರಾಟಕ್ಕೆ ಹೊರಟ ನೌಕಾಪಡೆಯ ಮೋಟಾರ್ ಗ್ಲೈಡರ್ ತೋಪ್ಪುಂಪಡಿ ಸೇತುವೆಯ ಬಳಿ ನೆಲಕ್ಕಪ್ಪಳಿಸಿತು. ಅದರಲ್ಲಿದ್ದ ಇಬ್ಬರೂ ಬದುಕುಳಿಯಲಿಲ್ಲ. ನೌಕಾಪಡೆ ತನಿಖೆಗೆ ಆದೇಶಿಸಿತು. ಅದಕ್ಕೆ ಎರಡೇ ದಿನ ಮೊದಲು ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ ಪ್ಯಾರಾಮೋಟರ್ ಸಮುದ್ರಕ್ಕೆ ಬಿದ್ದು ನೌಕಾಪಡೆಯ ಕ್ಯಾಪ್ಟನ್ ದರ್ಜೆಯ ಅಧಿಕಾರಿಯೊಬ್ಬರು ಮೃತಪಟ್ಟಿದ್ದರು.

ಎರಡನ್ನೂ ಜನ 'ಗ್ಲೈಡರ್' ಎಂದೇ ಕರೆದರು. ಆದರೆ ಎರಡೂ ಒಂದೇ ಅಲ್ಲ. ಪ್ಯಾರಾಮೋಟರ್‌ನಲ್ಲಿ ಇರುವುದು ಬಟ್ಟೆಯ ರೆಕ್ಕೆ. ಬೆನ್ನಿಗೆ ಅಥವಾ ಪುಟ್ಟ ಗಾಡಿಗೆ ಕಟ್ಟಿದ ಫ್ಯಾನ್. ಮೋಟಾರ್ ಗ್ಲೈಡರ್ ಹಾಗಲ್ಲ, ಅದು ಗಟ್ಟಿ ದೇಹದ, ತೆಳ್ಳನೆಯ ಉದ್ದ ರೆಕ್ಕೆಗಳ ನಿಜವಾದ ವಿಮಾನ. ಪುಣೆಯ ಹಡಪ್ಸರ್‌ನ ಗ್ಲೈಡಿಂಗ್ ಕೇಂದ್ರದ ಹಾರಾಟ ನೋಡಿದವರಿಗೆ ಸಾಮಾನ್ಯ ಗ್ಲೈಡರ್ ಗೊತ್ತು. ನೆಲದ ಮೇಲಿನ ವಿಂಚ್ ಯಂತ್ರ ಉದ್ದನೆಯ ಕೇಬಲ್ ಎಳೆದು ಅದನ್ನು ಮೇಲಕ್ಕೆ ಚಿಮ್ಮಿಸುತ್ತದೆ, ನಂತರ ಗಾಳಿಯೇ ಗತಿ. ಅದಕ್ಕೊಂದು ಎಂಜಿನ್ ಕೂಡಿಸಿದರೆ ಮೋಟಾರ್ ಗ್ಲೈಡರ್.

ಎಂಜಿನ್ ಇರುವ ಜಾಗವೇ ಮುಖ್ಯ

ಇದರಲ್ಲಿ ಎರಡು ಬಗೆ ತಿಳಿದರೆ ಸಾಕು. ಒಂದು, ಸಣ್ಣ ವಿಮಾನದಂತೆ ಮೂತಿಯಲ್ಲೇ ಎಂಜಿನ್ ಹೊತ್ತ ಟೂರಿಂಗ್ ಮಾದರಿ. ಜರ್ಮನಿಯ ಗ್ರೋಬ್ 109, ಆಸ್ಟ್ರಿಯಾದ ಸೂಪರ್ ಡಿಮೋನಾ ಈ ಗುಂಪಿನವು. ಇನ್ನೊಂದು, ಪೈಲಟ್‌ನ ಬೆನ್ನ ಹಿಂದಿನ ಗೂಡಿನಲ್ಲಿ ಎಂಜಿನ್ ಬಚ್ಚಿಟ್ಟುಕೊಂಡ ಮಾದರಿ. ಬೇಕಾದಾಗ ಕಂಬದಂತೆ ಪ್ರೊಪೆಲ್ಲರ್ ಮೇಲೇಳುತ್ತದೆ, ಬೇಡವಾದಾಗ ಮಡಚಿ ಒಳಗೆ ಹೋಗಿ ಬಾಗಿಲು ಮುಚ್ಚಿಕೊಳ್ಳುತ್ತದೆ. ಈ ಯೋಚನೆ ಹೊಸದಲ್ಲ. 1935ರಲ್ಲೇ ಬ್ರಿಟನ್ನಿನ ಕಾರ್ಡೆನ್-ಬೇನ್ಸ್ ಆಕ್ಸಿಲಿಯರಿ ಎಂಬ ಗ್ಲೈಡರ್ ಮೋಟಾರ್‌ಸೈಕಲ್ ಗಾತ್ರದ ಎಂಜಿನ್ನನ್ನು ಹೀಗೆ ಒಳಗೆ ಎಳೆದುಕೊಳ್ಳುತ್ತಿತ್ತು.

ಜರ್ಮನಿಯ ಸ್ಟೆಮ್ಮೆ ಎಸ್10 ಇವೆರಡರ ನಡುವಿನದು. ಎಂಜಿನ್ ಆಸನಗಳ ಹಿಂದೆ, ಪ್ರೊಪೆಲ್ಲರ್ ಮೂತಿಯಲ್ಲಿ. ಎರಡನ್ನೂ ಜೋಡಿಸುವ ಉದ್ದನೆಯ ಶಾಫ್ಟ್ ಪೈಲಟ್ ಮತ್ತು ಸಹಪ್ರಯಾಣಿಕರ ನಡುವೆಯೇ ಹಾದುಹೋಗುತ್ತದೆ. ಎಂಜಿನಿಯರಿಂಗ್ ಜಾಣ್ಮೆ ದೊಡ್ಡದೇ, ಆದರೆ ಬೆಂಕಿಯ ದೃಷ್ಟಿಯಿಂದ ನೋಡಿದರೆ ಪ್ರಶ್ನೆ ಒಂದೇ: ಬೆನ್ನ ಹಿಂದೆ ಏನಾಗುತ್ತಿದೆ ಎಂದು ಪೈಲಟ್‌ಗೆ ತಿಳಿಯುವುದು ಹೇಗೆ?

ಮಡಚುವ ಮಾದರಿಗಳಲ್ಲಿ ಪ್ರೊಪೆಲ್ಲರ್ ಸರಿಯಾಗಿ ನಿಂತಿದೆಯೇ ಎಂದು ನೋಡಲು ಸಣ್ಣ ಕನ್ನಡಿ ಇರುತ್ತದೆ. ಹಲವು ಮಾದರಿಗಳಲ್ಲಿ ಬೆಂಕಿ ಎಚ್ಚರಿಕೆಯ ದೀಪವೂ ಇರುತ್ತದೆ. ಇವೆರಡೂ ಸುಳಿವು ಕೊಡದಿದ್ದರೆ ಮೊದಲು ಹೇಳುವುದು ಮೂಗು.

ಬೆಂಕಿ ಹೊತ್ತುವ ಕಾರಣಗಳು ಬೈಕ್ ಮೆಕ್ಯಾನಿಕ್‌ಗೂ ಗೊತ್ತಿರುವಂಥವೇ. ಇಲ್ಲಿ ಬಳಸುವ ಟೂ-ಸ್ಟ್ರೋಕ್ ಎಂಜಿನ್‌ಗಳ ಅದುರುವಿಕೆ ಹೆಚ್ಚು. ಕ್ಲಿಪ್ ಸಡಿಲವಾಗುತ್ತದೆ, ವೈರ್ ಉಜ್ಜಿ ಸವೆಯುತ್ತದೆ, ಎಕ್ಸಾಸ್ಟ್ ಬಿರುಕು ಬಿಡುತ್ತದೆ. ಎಂಜಿನ್ ಪ್ರತಿ ಬಾರಿ ಮೇಲೆದ್ದು ಮಡಚಿದಾಗ ಪೆಟ್ರೋಲ್ ಪೈಪ್ ಕೂಡ ಬಾಗುತ್ತದೆ. ವರ್ಷಗಟ್ಟಲೆ ಬಾಗಿದ ರಬ್ಬರ್ ಪೈಪ್‌ನಿಂದ ಒಂದು ಹನಿ ಜಿನುಗಿದರೂ ಮುಚ್ಚಿದ ಗೂಡಿನಲ್ಲಿ ಆವಿ ತುಂಬಿಕೊಳ್ಳುತ್ತದೆ. ಅಲ್ಲೇ ಈಗಷ್ಟೇ ಓಡಿ ನಿಂತ ಬಿಸಿ ಎಕ್ಸಾಸ್ಟ್ ಇರುತ್ತದೆ.

ಇನ್ನೊಂದು ತೊಡಕು ದೇಹದ್ದು. ಇಂದಿನ ಗ್ಲೈಡರ್‌ಗಳು ಗಾಜಿನ ನಾರು, ಕಾರ್ಬನ್ ನಾರು ಮತ್ತು ಎಪಾಕ್ಸಿ ರಾಳದಿಂದ ಆದವು. ಈ ರಾಳ ಲೋಹದಷ್ಟು ಬಿಸಿ ತಡೆಯದು, ನೂರು ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಮೆದುವಾಗತೊಡಗುತ್ತದೆ. ಗ್ಲೈಡರ್‌ಗಳಿಗೆ ಬಿಳಿ ಬಣ್ಣ ಬಳಿಯುವುದು ಅಂದಕ್ಕಲ್ಲ, ಬಿಸಿಲಿಗೆ ದೇಹ ಕಾಯಬಾರದು ಎಂದು. ಬಿಸಿಲಿಗೇ ಇಷ್ಟು ಎಚ್ಚರ ಬೇಕಾದ ದೇಹದಲ್ಲಿ ಎಂಜಿನ್ ಗೂಡಿನ ಪಕ್ಕದಲ್ಲೇ ರೆಕ್ಕೆಗಳ ಜೋಡಣೆ ಇರುತ್ತದೆ, ಬಾಲದ ಕಡೆಗೆ ಹೋಗುವ ನಿಯಂತ್ರಣ ಸರಳುಗಳೂ ಇರುತ್ತವೆ. ಹೀಗಾಗಿ ಪೈಲಟ್‌ಗೆ ಸಿಗುವ ಸಮಯ ಬಹಳ ಕಡಿಮೆ.

ಬೆಂಕಿ ಎಂದು ಗೊತ್ತಾದ ತಕ್ಷಣ ಮಾಡಬೇಕಾದ್ದು ಪ್ರತಿ ಮಾದರಿಯ ಕೈಪಿಡಿಯಲ್ಲೂ ಬರೆದಿರುತ್ತದೆ, ವಿವರ ಬೇರೆ ಬೇರೆ. ಸಾಮಾನ್ಯವಾಗಿ ಮೊದಲು ಇಂಧನದ ಕವಾಟ ಮುಚ್ಚಬೇಕು. ಅನೇಕ ಕೈಪಿಡಿಗಳು ಆಮೇಲೆ ಥ್ರಾಟಲ್ ಪೂರ್ತಿ ತೆರೆಯಿರಿ ಎನ್ನುತ್ತವೆ. ಕೇಳಲು ವಿಚಿತ್ರ, ಆದರೆ ಪೈಪ್‌ನಲ್ಲಿ ಉಳಿದ ಪೆಟ್ರೋಲ್ ಬೇಗ ಖಾಲಿಯಾಗಲಿ ಎಂಬುದೇ ಉದ್ದೇಶ. ನಂತರ ಇಗ್ನಿಷನ್, ವಿದ್ಯುತ್ ಎರಡನ್ನೂ ಆರಿಸಿ ಕೂಡಲೇ ಇಳಿಯಬೇಕು. ಉರಿಯುವ ಎಂಜಿನ್ನನ್ನು ಮಡಚಿ ಒಳಗೆ ತಂದರೆ ಬೆಂಕಿಯನ್ನು ಮನೆಯೊಳಗೆ ಕರೆದಂತೆ. ಅನೇಕ ಗ್ಲೈಡರ್ ಪೈಲಟ್‌ಗಳು ಪ್ಯಾರಾಚೂಟ್ ಕಟ್ಟಿಕೊಂಡೇ ಕೂರುತ್ತಾರೆ. ಎತ್ತರ ಸಾಕಷ್ಟಿದ್ದರೆ ಹಾರಿಕೊಳ್ಳುವುದೂ ಒಂದು ದಾರಿ.

ಎಂಜಿನ್ ಚಾಲೂ ಆಗದಿದ್ದರೆ?

ಇಷ್ಟೆಲ್ಲ ಭಯ ಹುಟ್ಟಿಸಿದರೂ ಹಾರಾಟದಲ್ಲಿ ಬೆಂಕಿ ಅಪರೂಪ. ಹೆಚ್ಚು ಜೀವ ತೆಗೆಯುವುದು ಎಂಜಿನ್ ಇದೆ ಎಂಬ ಧೈರ್ಯ.

ಒಳ್ಳೆಯ ಗ್ಲೈಡರ್ ಒಂದು ಕಿಲೋಮೀಟರ್ ಎತ್ತರದಿಂದ ನಿಶ್ಚಲ ಗಾಳಿಯಲ್ಲಿ ಸುಮಾರು 50 ಕಿಲೋಮೀಟರ್ ತೇಲಬಲ್ಲದು. ಅದೇ ಗ್ಲೈಡರ್ ಎಂಜಿನ್ ಕಂಬ ಮೇಲೆತ್ತಿ, ಆದರೆ ಎಂಜಿನ್ ಚಾಲೂ ಆಗದೆ ಹಾರುತ್ತಿದ್ದರೆ ಕಂಬವೇ ಗಾಳಿಗೆ ಅಡ್ಡ ನಿಲ್ಲುತ್ತದೆ. ತೇಲುವ ದೂರ ಮೂರನೇ ಒಂದರ ಆಸುಪಾಸಿಗೆ ಕುಸಿಯುತ್ತದೆ. ಪೈಲಟ್ ಕೊನೆಯವರೆಗೂ ಏರುಗಾಳಿ ಹುಡುಕಿ, 300 ಮೀಟರ್‌ಗೆ ಇಳಿದ ಮೇಲೆ 'ಇನ್ನು ಎಂಜಿನ್ ಹಾಕೋಣ' ಎಂದುಕೊಂಡರು ಎನ್ನಿ. ಸೆಕೆಂಡಿಗೆ ಎರಡು ಮೀಟರ್‌ನಂತೆ ಇಳಿಯುತ್ತಿದ್ದರೆ ಉಳಿದಿರುವುದು ಎರಡೂವರೆ ನಿಮಿಷ. ಅದರಲ್ಲೇ ಕಂಬ ಎತ್ತಬೇಕು, ಎಂಜಿನ್ ಹೊಡೆಯಬೇಕು, ಅದು ಕೆಮ್ಮಿದರೆ ಮತ್ತೆ ಯತ್ನಿಸಬೇಕು. ಕಣ್ಣು ಸ್ವಿಚ್‌ಗಳ ಮೇಲಿದ್ದಾಗ ವೇಗ ಕುಸಿಯುತ್ತದೆ, ಒಂದು ರೆಕ್ಕೆ ಜಾರುತ್ತದೆ, ಗ್ಲೈಡರ್ ಗಿರಕಿ ಹೊಡೆಯುತ್ತ ಬೀಳುತ್ತದೆ. ಆ ಎತ್ತರದಲ್ಲಿ ಪ್ಯಾರಾಚೂಟ್ ಉಪಯೋಗಕ್ಕೆ ಬರುವುದು ಕಷ್ಟ.

ಆದ್ದರಿಂದಲೇ ಅನುಭವಿ ತರಬೇತುದಾರರು ಹೇಳುವ ಕ್ರಮ ತಲೆಕೆಳಗು: ಮೊದಲು ಇಳಿಯಲು ಯೋಗ್ಯ ಹೊಲ ಆರಿಸಿ, ಅದರ ಮೇಲೆ ಬನ್ನಿ, ಆಮೇಲೆ ಎಂಜಿನ್ ಹಚ್ಚಿ. ಹೊತ್ತಿದರೆ ಸರಿ, ಇಲ್ಲವಾದರೆ ಅದೇ ಹೊಲದಲ್ಲಿ ಇಳಿಯಿರಿ.

ಟೇಕಾಫ್ ವೇಳೆ ಎಂಜಿನ್ ನಿಂತರೆ ಇನ್ನೊಂದು ಬಲೆ ಕಾದಿರುತ್ತದೆ. ಕಂಬದ ತುದಿಯಲ್ಲಿರುವ ಪ್ರೊಪೆಲ್ಲರ್ ದೇಹಕ್ಕಿಂತ ಎತ್ತರದಿಂದ ತಳ್ಳುವುದರಿಂದ ಮೂತಿಯನ್ನು ಕೆಳಕ್ಕೆ ಒತ್ತುತ್ತಿರುತ್ತದೆ. ಅದು ಥಟ್ಟನೆ ನಿಂತಾಗ ಮೂತಿ ಮೇಲಕ್ಕೆ ಏಳುತ್ತದೆ, ವೇಗ ಕ್ಷಣದಲ್ಲಿ ಇಳಿಯುತ್ತದೆ. ಸ್ಟಿಕ್ ತಕ್ಷಣ ಮುಂದೆ ತಳ್ಳದೆ ರನ್‌ವೇಗೆ ಹಿಂತಿರುಗಲು ತಿರುವು ತೆಗೆದುಕೊಂಡವರು ಅಪಾಯವನ್ನು ದುಪ್ಪಟ್ಟು ಮಾಡಿಕೊಳ್ಳುತ್ತಾರೆ.

ಟೇಕಾಫ್ ಆದ ಕೆಲವೇ ನಿಮಿಷಗಳಲ್ಲಿ ಗ್ಲೈಡರ್ ಬಿದ್ದ ಘಟನೆ ನಮ್ಮಲ್ಲೂ ಇದೆ. 2023ರ ಮಾರ್ಚ್ 23ರಂದು ಜಾರ್ಖಂಡ್‌ನ ಧನಬಾದ್‌ನಲ್ಲಿ ಖಾಸಗಿ ಗ್ಲೈಡರ್ ಒಂದು ಏರ್‌ಸ್ಟ್ರಿಪ್ ಸಮೀಪದ ಮನೆಗೆ ಬಡಿಯಿತು. ಪೈಲಟ್ ಮತ್ತು ಜೊತೆಗಿದ್ದ 14 ವರ್ಷದ ಬಾಲಕ ಗಾಯಗೊಂಡರು. ಮನೆಯವರಿಗೆ ಏನೂ ಆಗಲಿಲ್ಲ. ಇಂಥ ಜಾಲಿ ರೈಡ್‌ಗೆ ಮಕ್ಕಳನ್ನು ಕೂರಿಸುವ ಪೋಷಕರು ಎಂಜಿನ್ ಕೈಕೊಟ್ಟರೆ ಎಲ್ಲಿ ಇಳಿಸುತ್ತೀರಿ ಎಂದು ಪೈಲಟ್‌ರನ್ನು ಕೇಳುವುದರಲ್ಲಿ ತಪ್ಪಿಲ್ಲ. ರನ್‌ವೇ ಸುತ್ತ ಬರೀ ಮನೆಗಳೇ ಇದ್ದರೆ ಉತ್ತರವನ್ನು ಗಮನವಿಟ್ಟು ಕೇಳಬೇಕು.

ಬ್ಯಾಟರಿ ಬಂದ ಮೇಲೆ

ಪೆಟ್ರೋಲ್ ಬೇಡವೆಂದು ಈಗ ಎಲೆಕ್ಟ್ರಿಕ್ ಗ್ಲೈಡರ್‌ಗಳು ಬಂದಿವೆ. ಮೂತಿಯಲ್ಲಿ ಮೋಟಾರ್, ಬೆನ್ನ ಹಿಂದೆ ಲಿಥಿಯಂ ಬ್ಯಾಟರಿ. ಸ್ವಿಚ್ ಒತ್ತಿದರೆ ಸಾಕು, ಚಾಲೂ ಆಗದೆಂಬ ಆತಂಕ ಬಹಳ ಕಡಿಮೆ. ಆದರೆ 2017ರ ಆಗಸ್ಟ್ 10ರಂದು ಇಂಗ್ಲೆಂಡಿನ ಪರ್ಹ್ಯಾಮ್ ಏರ್‌ಫೀಲ್ಡ್‌ನಲ್ಲಿ ಇಂಥದೇ ಗ್ಲೈಡರ್ ಇಳಿಯುವ ಹೊತ್ತಿಗೆ ಅದರ ಬ್ಯಾಟರಿಗೆ ಬೆಂಕಿ ಹತ್ತಿತು. ಪೈಲಟ್ ಗಾಯವಿಲ್ಲದೆ ಪಾರಾದರು. ಯುರೋಪಿನ ವಿಮಾನಯಾನ ಸುರಕ್ಷತಾ ಸಂಸ್ಥೆ ಆ ಬ್ಯಾಟರಿಗಳ ಬಗ್ಗೆ ತುರ್ತು ಆದೇಶ ಹೊರಡಿಸಿತು. ಅದೇ ಬೆಂಕಿ ಒಂದು ಕಿಲೋಮೀಟರ್ ಎತ್ತರದಲ್ಲಿ ಹೊತ್ತಿದ್ದರೆ ಕತೆ ಬೇರೆಯೇ ಆಗುತ್ತಿತ್ತು.

ಪೆಟ್ರೋಲ್ ಬೆಂಕಿಗೆ ಕವಾಟ ಮುಚ್ಚಬಹುದು. ಒಳಗಿಂದೊಳಗೇ ಕಾದು ಒಂದು ಸೆಲ್‌ನಿಂದ ಇನ್ನೊಂದಕ್ಕೆ ಹಬ್ಬುವ ಲಿಥಿಯಂ ಬೆಂಕಿಗೆ ಅಂಥ ಕವಾಟವಿಲ್ಲ. ಆರಿದಂತೆ ಕಂಡ ಬ್ಯಾಟರಿ ಗಂಟೆಗಳ ನಂತರ ಮತ್ತೆ ಹೊತ್ತಿಕೊಳ್ಳುವುದೂ ಉಂಟು. ಹಾಗಾಗಿ ಜೋರಾಗಿ ನೆಲಕ್ಕೆ ಬಡಿದ ಅಥವಾ ಕೈತಪ್ಪಿ ಬಿದ್ದ ಬ್ಯಾಟರಿಯನ್ನು ಹ್ಯಾಂಗರ್‌ನೊಳಗೆ, ಇತರ ವಿಮಾನಗಳ ನಡುವೆ ಇಡದೆ, ಬಯಲಲ್ಲಿ ದೂರವಿಟ್ಟು ನಿಗಾ ಇಡಬೇಕಾಗುತ್ತದೆ.