ಮುಗಿಲು ಮುಟ್ಟಿದ ಉಕ್ಕು

ಊರಿನಿಂದ ಮೊದಲ ಸಲ ಮುಂಬಯಿಗೆ ಬಂದ ನೆಂಟರಿಗೆ ನಾವು ಏನನ್ನು ತೋರಿಸುತ್ತೇವೆ? ಸಮುದ್ರ ಒಂದು, ಎತ್ತರದ ಕಟ್ಟಡಗಳು ಇನ್ನೊಂದು. ಕತ್ತೆತ್ತಿ ಅಂತಸ್ತುಗಳನ್ನು ಎಣಿಸುತ್ತ ಅವರು ಕೇಳುವ ಪ್ರಶ್ನೆ ಮಾತ್ರ ಯಾವಾಗಲೂ ಒಂದೇ: "ಇಷ್ಟೆತ್ತರ ಹೋದದ್ದು ಗಾಳಿಗೆ ಬೀಳುವುದಿಲ್ಲವೆ?" ನಾವು ನಕ್ಕು ಮುಂದೆ ನಡೆಯುತ್ತೇವೆ. ಆದರೆ ಇದು ನಗುವ ಪ್ರಶ್ನೆಯಲ್ಲ, ದೊಡ್ಡ ದೊಡ್ಡ ಎಂಜಿನಿಯರುಗಳ ನಿದ್ದೆ ಕೆಡಿಸಿದ ಪ್ರಶ್ನೆ. ಅದಕ್ಕೆ ಉಕ್ಕಿನಲ್ಲಿ ಉತ್ತರ ಕೊಟ್ಟವರಲ್ಲಿ ಅಗ್ರಗಣ್ಯರಾದವರು, ನಮ್ಮಂತೆಯೇ ಹುಟ್ಟಿದೂರು ಬಿಟ್ಟು ಹೋದ ಒಬ್ಬರು.

ಕಥೆ ಆರಂಭವಾಗುವುದು ಅಮೆರಿಕದ ಶಿಕಾಗೋ ನಗರದಲ್ಲಿ. 1871ರಲ್ಲಿ ಆ ಊರಿನ ಬಹುದೊಡ್ಡ ಭಾಗ ಬೆಂಕಿಗೆ ಆಹುತಿಯಾಯಿತು. ಮತ್ತೆ ಕಟ್ಟಲು ಹೊರಟಾಗ ನಡುಪೇಟೆಯ ನೆಲಕ್ಕೆ ಚಿನ್ನದ ಬೆಲೆ. ಅಗಲಕ್ಕೆ ಜಾಗವಿಲ್ಲದ ಮೇಲೆ ಎತ್ತರಕ್ಕೇ ಹೋಗಬೇಕಷ್ಟೆ. ಲಿಫ್ಟ್ ಆಗಲೇ ಬಂದಿತ್ತು, ಅಡ್ಡಿಯಾಗಿದ್ದದ್ದು ಗೋಡೆ. ಇಟ್ಟಿಗೆಯ ಗೋಡೆಯೇ ಭಾರ ಹೊರಬೇಕಾದರೆ, ಮೇಲೆ ಹೋದಷ್ಟೂ ಬುಡ ದಪ್ಪವಾಗಬೇಕು. 1891ರ ಮೊನಾಡ್‌ನಾಕ್ ಕಟ್ಟಡಕ್ಕೆ 16 ಅಂತಸ್ತು. ಅದರ ಬುಡದ ಗೋಡೆ ಸುಮಾರು 6 ಅಡಿ ದಪ್ಪ!

ಇದಕ್ಕೆ ಪರಿಹಾರ ಅದೇ ಊರಿನಲ್ಲಿ ಅದಕ್ಕೂ ಮೊದಲೇ ಹುಟ್ಟಿತ್ತು. 1885ರಲ್ಲಿ ವಿಲಿಯಂ ಲ ಬ್ಯಾರನ್ ಜೆನ್ನಿ ಎಂಬ ವಾಸ್ತುಶಿಲ್ಪಿ 10 ಅಂತಸ್ತಿನ ಹೋಂ ಇನ್ಶೂರೆನ್ಸ್ ಕಟ್ಟಡದ ಬಹುಪಾಲು ಭಾರವನ್ನು ಕಬ್ಬಿಣ ಮತ್ತು ಉಕ್ಕಿನ ಚೌಕಟ್ಟಿನ ಮೇಲೆ ಹೊರಿಸಿದರು. ಮುಂದೆ ಗೋಡೆ ಎಂಬುದು ಬರಿಯ ಹೊದಿಕೆಯಾಯಿತು. ಇದೇ ದಾರಿಯಲ್ಲಿ ನಡೆದು 1931ರಲ್ಲಿ ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡ 102 ಅಂತಸ್ತು, 381 ಮೀಟರ್ ಎತ್ತರಕ್ಕೆ ಏರಿತು. ಸುಮಾರು 40 ವರ್ಷ ಅದಕ್ಕೆ ಸರಿಸಾಟಿ ಇರಲಿಲ್ಲ.

ಏಕೆ ಇರಲಿಲ್ಲ? ಗಾಳಿಯ ದೆಸೆಯಿಂದ. ಕಟ್ಟಡದ ಭಾರ ನೇರ ಕೆಳಕ್ಕೆ ಇಳಿಯುತ್ತದೆ. ಗಾಳಿಯಾದರೋ ಪಕ್ಕದಿಂದ ದೂಡುತ್ತದೆ. ಎತ್ತರ ಎರಡರಷ್ಟಾದರೆ, ಗಾಳಿಯ ವೇಗ ಅಷ್ಟೇ ಇದ್ದರೂ, ಬುಡವನ್ನು ಮೀಟುವ ಅದರ ಬಲ ನಾಲ್ಕರಷ್ಟಾಗುತ್ತದೆ. ಅದನ್ನು ತಡೆಯಲು ಕಂಬ ತೊಲೆಗಳಿಗೆ ಉಕ್ಕು ಸುರಿಯುತ್ತ ಹೋದರೆ ಖರ್ಚು ಕೈಮೀರುತ್ತದೆ.

ಇಲ್ಲಿ ಬರುತ್ತಾರೆ ಫಜಲುರ್ ರಹಮಾನ್ ಖಾನ್. 1929ರಲ್ಲಿ ಢಾಕಾದಲ್ಲಿ ಹುಟ್ಟಿದವರು. ಕಲ್ಕತ್ತೆಯ ಬಳಿಯ ಶಿಬ್‌ಪುರದ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದುತ್ತಿದ್ದಾಗ 1950ರ ಗಲಭೆಗಳಿಂದಾಗಿ ಢಾಕಾಕ್ಕೆ ಮರಳಿ ಪದವಿ ಮುಗಿಸಬೇಕಾಯಿತು. 1952ರಲ್ಲಿ ವಿದ್ಯಾರ್ಥಿವೇತನ ಪಡೆದು ಅಮೆರಿಕಕ್ಕೆ ಹೋದರು. ನಡುವೆ ಒಮ್ಮೆ ತಾಯ್ನಾಡಿಗೆ ಬಂದು ದುಡಿದರೂ, 1960ರಲ್ಲಿ ಮತ್ತೆ ಶಿಕಾಗೋ ಸೇರಿದರು.

ಖಾನರ ವಿಚಾರ ಸರಳವಾದದ್ದು. ನಮ್ಮ ಬಿದಿರನ್ನು ನೋಡಿ: ಒಳಗೆ ಟೊಳ್ಳು, ಶಕ್ತಿಯೆಲ್ಲ ಹೊರಗಿನ ಸುತ್ತಿನಲ್ಲಿ. ಹಾಗೆಯೇ ಕಂಬಗಳನ್ನು ಕಟ್ಟಡದ ಹೊರಸುತ್ತಿನಲ್ಲಿ ಒತ್ತಾಗಿ ನಿಲ್ಲಿಸಿ ಬಿಗಿದರೆ ಇಡೀ ಕಟ್ಟಡವೇ ಒಂದು ಕೊಳವೆಯಂತೆ ಗಾಳಿಗೆ ಎದೆಯೊಡ್ಡುತ್ತದೆ. 1969ರಲ್ಲಿ ಎದ್ದು ನಿಂತ 100 ಅಂತಸ್ತಿನ ಜಾನ್ ಹ್ಯಾನ್‌ಕಾಕ್ ಕಟ್ಟಡದ ಹೊರಮೈಗೆ ಅವರು ದೊಡ್ಡ ದೊಡ್ಡ ಓರೆಪಟ್ಟಿಗಳನ್ನೂ ಬಿಗಿದರು. ಎಂಪೈರ್ ಸ್ಟೇಟಿಗೆ ಚದರ ಮೀಟರಿಗೆ ಸುಮಾರು 206 ಕಿಲೋ ಉಕ್ಕು ಹಿಡಿದಿದ್ದರೆ, ಇದಕ್ಕೆ ಹಿಡಿದದ್ದು ಸುಮಾರು 145 ಕಿಲೋ!

ಮುಂದಿನದು ಸಿಯರ್ಸ್ ಗೋಪುರ. ವಾಸ್ತುಶಿಲ್ಪಿ ಬ್ರೂಸ್ ಗ್ರಹಾಂ ಹಿಡಿ ಸಿಗರೇಟುಗಳನ್ನು ಒಟ್ಟುಗೂಡಿಸಿ ಖಾನರಿಗೆ ಇದರ ಕಲ್ಪನೆ ತೋರಿಸಿದರೆಂದು ಹೇಳುವುದುಂಟು. ಒಂದೊಂದು ಪಕ್ಕ 75 ಅಡಿಯ ಒಂಬತ್ತು ಚೌಕ ಕೊಳವೆಗಳು, ಒಂದಕ್ಕೊಂದು ಆಸರೆ. 50, 66, 90ನೆಯ ಅಂತಸ್ತುಗಳಲ್ಲಿ ಕೆಲವು ನಿಲ್ಲುತ್ತವೆ. ಎರಡು ಮಾತ್ರ 110ರವರೆಗೆ ಹೋಗುತ್ತವೆ. 1974ರಲ್ಲಿ ಮುಗಿದ ಈ 442 ಮೀಟರ್ ಗೋಪುರ 1998ರವರೆಗೆ ಜಗತ್ತಿನಲ್ಲೇ ಎತ್ತರದ ಕಟ್ಟಡವಾಗಿತ್ತು. ಆ ವರ್ಷ ಕೌಲಾಲಂಪುರದ ಪೆಟ್ರೋನಾಸ್ ಅವಳಿ ಗೋಪುರಗಳು ಅದನ್ನು ಮೀರಿದವು. 2009ರಲ್ಲಿ ಹೆಸರು ವಿಲ್ಲಿಸ್ ಗೋಪುರವೆಂದು ಬದಲಾಯಿತು.

ಉಕ್ಕಿಗೂ ಮಿತಿಯಿದೆ. 2001ರಲ್ಲಿ ನ್ಯೂಯಾರ್ಕಿನ ಅವಳಿ ಗೋಪುರಗಳು ವಿಮಾನಗಳ ಹೊಡೆತ ಮತ್ತು ಬೆಂಕಿಯ ಕಾವಿಗೆ ಕುಸಿದದ್ದನ್ನು ನಾವೆಲ್ಲ ನೋಡಿದೆವು. 2010ರಲ್ಲಿ ತೆರೆದ ದುಬೈಯ 828 ಮೀಟರಿನ ಬುರ್ಜ್ ಖಲೀಫಾದ ಬಹುಭಾಗ ಕಾಂಕ್ರೀಟು; ಉಕ್ಕು ಇರುವುದು ನೆತ್ತಿಯಲ್ಲಿ. ಅದನ್ನು ರೂಪಿಸಿದ್ದು ಮಾತ್ರ ಖಾನರು ದುಡಿದ ಸಂಸ್ಥೆಯೇ.

ಖಾನರು ಊರನ್ನು ಮರೆಯಲಿಲ್ಲ. ರವೀಂದ್ರ ಸಂಗೀತ ಅವರಿಗೆ ಬಲು ಪ್ರೀತಿ. 1971ರ ಬಾಂಗ್ಲಾ ವಿಮೋಚನೆಯ ಕಾಲದಲ್ಲಿ ಶಿಕಾಗೋದ ತಮ್ಮವರನ್ನು ಕೂಡಿಸಿ ತಾಯ್ನಾಡಿನ ಜನರಿಗೆ ನೆರವು ಸಂಗ್ರಹಿಸಿದರು. ಹಗಲು ಪರನಗರವನ್ನು ಕಟ್ಟುವ ಕೆಲಸ, ಸಂಜೆ ತಮ್ಮವರ ಸಭೆ: ಸಂಘಗಳ ಅಂಗಳದಲ್ಲಿ ಬೆಳೆದ ನಮಗೆ ಇದು ಹೊಸತೇನಲ್ಲ. 1982ರಲ್ಲಿ, ಇನ್ನೂ 52ರ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಸಿಯರ್ಸ್ ಗೋಪುರದ ಬುಡದ ರಸ್ತೆಗೆ ಶಿಕಾಗೋ ಅವರ ಹೆಸರನ್ನಿಟ್ಟಿದೆ.

ಪರಊರಿನಲ್ಲಿ ನಮ್ಮದೆನ್ನುವುದು ಏನಿದೆ ಎಂದು ಮನೆಯ ಮಕ್ಕಳು ಕೇಳುವುದುಂಟು. ಬೆವರು ಸುರಿಸಿ ಕಟ್ಟಿದ್ದರಲ್ಲಿ ಕಟ್ಟಿದವನ ಪಾಲೂ ಇರುತ್ತದೆ ಎಂದು ಅವರಿಗೆ ಧೈರ್ಯವಾಗಿ ಹೇಳಬಹುದು. ಮುಂದಿನ ಸಲ ನೆಂಟರು ಕತ್ತೆತ್ತಿ ಆ ಹಳೆಯ ಪ್ರಶ್ನೆ ಕೇಳಿದಾಗ, ನಗದೆ, ಢಾಕಾದ ಈ ಎಂಜಿನಿಯರರ ಕಥೆಯನ್ನು ಹೇಳೋಣ.